ಜೆಲ್ಲಿಫಿಶ್ ಎಣಿಸಲು ಯಾವ ಬಲೆ ಒಯ್ಯಲಿ?

ಕೇಳಿದವರು, ಕಲಬುರಗಿ:
ನಮಸ್ಕಾರ ರೀ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಡಿಸೆಂಬರಿನಲ್ಲಿ ಕಾರವಾರಕ್ಕೆ ಹೊರಟಿದ್ದೇನೆ. ಸಣ್ಣ ದೋಣಿಯಲ್ಲಿ ಹೋಗಿ ಜೆಲ್ಲಿಫಿಶ್, ಕೋಂಬ್ ಜೆಲ್ಲಿಯಂಥ ಮೆತ್ತನೆಯ ಜೀವಿಗಳನ್ನು ಎಣಿಸಬೇಕು. ಲ್ಯಾಬಿನಲ್ಲಿ ಇರುವುದು ಕೆರೆ ನೀರಿಗೆ ಬಳಸುವ 60 ಮೈಕ್ರಾನ್ ಕಣ್ಣಿನ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.) ಬಲೆ ಒಂದೇ. ಅದನ್ನೇ ಒಯ್ದರೆ ನಡೆಯುತ್ತಾ? ಸಮುದ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಕಲಬುರಗಿಯ ಅಕ್ಕ:
ತಮ್ಮಾ, ಒಯ್ಯಬೇಡ. ನಾನು ಒಯ್ದು ಒಂದು ವಾರ ಹಾಳು ಮಾಡಿಕೊಂಡವಳು. ಆ ಬಲೆ ಕಾರಂಜಾ ಜಲಾಶಯದ ಪುಟಾಣಿ ಜೀವಿಗಳಾದ ರೋಟಿಫರ್‌ಗಳಿಗೆ ಚೆಂದ. ಸಮುದ್ರದಲ್ಲಿ ಎಳೆದರೆ ಬೇಗ ಪಾಚಿ ಮೆತ್ತಿಕೊಂಡು ಬಲೆಯ ಕಣ್ಣು, ಅಂದರೆ ತೂತು, ಮುಚ್ಚಿಹೋಗುತ್ತದೆ. ಆಮೇಲೆ ನೀರು ಬಲೆಯೊಳಗೆ ಹೋಗದೆ ಬಾಯಿಯ ಮುಂದೆಯೇ ಪಕ್ಕಕ್ಕೆ ಸರಿಯುತ್ತದೆ. ನಾವು ಮಾತ್ರ ಹಗ್ಗದ ಉದ್ದ ನೋಡಿ 'ಇಷ್ಟು ನೀರು ಸೋಸಿದೆ' ಅಂತ ಬರೆದುಕೊಳ್ಳುತ್ತೇವೆ. ಬಾಯಿಗೆ, ಒಳಹೋಗುವ ನೀರನ್ನು ಅಳೆಯುವ ಫ್ಲೋಮೀಟರ್ ಕಟ್ಟಿದ ಮೇಲೆಯೇ ನನ್ನ ಹಳೇ ಲೆಕ್ಕ ಎಷ್ಟು ಸುಳ್ಳು ಅಂತ ಗೊತ್ತಾಗಿದ್ದು.

ಎಲ್ಲರೂ ಬಲೆಯ ಕಣ್ಣಿನ ಬಗ್ಗೆಯೇ ಮಾತಾಡುತ್ತಾರೆ. ಬಾಯಿಯ ಅಳತೆ ಅದಕ್ಕಿಂತ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಸಮುದ್ರದಲ್ಲಿ ತೇಲಾಡುವ ಜೀವಿಗಳಾದ ಪ್ಲಾಂಕ್ಟನ್‌ಗೆ ತುಂಬಾ ಜನ ಬಳಸುವ ಡಬ್ಲ್ಯುಪಿ-2 ಬಲೆಯನ್ನೇ ನೋಡು. ಕಣ್ಣು 200 ಮೈಕ್ರಾನ್, ಬಾಯಿ 57 ಸೆಂ.ಮೀ. ಅಗಲ, ಅಂದರೆ ಕಾಲು ಚದರ ಮೀಟರ್. 10 ಮೀಟರ್ ಆಳದಿಂದ ನೆಟ್ಟಗೆ ಮೇಲಕ್ಕೆಳೆದರೆ ಸೋಸುವುದು ಹೆಚ್ಚೆಂದರೆ 2.5 ಘನ ಮೀಟರ್ ನೀರು. 10 ಘನ ಮೀಟರಿಗೆ ಒಂದು ಜೆಲ್ಲಿಫಿಶ್ ಇದ್ದರೆ ನಾಲ್ಕು ಸಲ ಎಳೆದಾಗ ಸರಾಸರಿ ಒಂದು ಸಿಕ್ಕೀತು. ಮೂರು ಸಲ ಬಲೆ ಖಾಲಿ ಬಂತು ಅಂತ 'ಇಲ್ಲಿ ಜೆಲ್ಲಿಫಿಶ್ ಇಲ್ಲ' ಎಂದು ಬರೆದರೆ ಹೇಗೆ? ನಾನು ಬರೆದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಬಾಯಿ 1 ಮೀಟರ್, ಕಣ್ಣು 500 ಮೈಕ್ರಾನ್ ಇರುವ ಬಲೆ ಸಿಕ್ಕರೆ ಅದನ್ನೇ ಒಯ್ಯಿ. ಅದೇ 10 ಮೀಟರಿಗೆ 8 ಘನ ಮೀಟರಿನ ಹತ್ತಿರ ಸೋಸುತ್ತದೆ. ಎಳೆಯಲು ಮಾತ್ರ ಇಬ್ಬರು ಬೇಕು.

ಬೀದರ್‌ನಿಂದ ಒಬ್ಬರು:
ಅಕ್ಕ ಹೇಳಿದ್ದು ಖರೆ. ನಮ್ಮ ಗೋಳು ಬಲೆಯ ತುದಿಯಲ್ಲಿ, ಸಿಕ್ಕಿದ್ದೆಲ್ಲ ಬಂದು ಸೇರುವ ಡಬ್ಬಿಯದು. ನಮಗೆ ಕೊಟ್ಟಿದ್ದು ಸಣ್ಣ ಡಬ್ಬಿ, ಪಕ್ಕದಲ್ಲಿ ಜಾಲರಿಯ ಕಿಟಕಿ. ಎಳೆಯುವಾಗ ಮೆತ್ತನೆಯ ಜೀವಿಗಳೆಲ್ಲ ಹೋಗಿ ಆ ಜಾಲರಿಗೆ ಒತ್ತಿಕೊಳ್ಳುತ್ತವೆ. ಮೊಸರನ್ನು ಸಾಣಿಗೆಗೆ ಸುರಿದ ಹಾಗೆ! ಬೊಲಿನಾಪ್ಸಿಸ್‌ನಂಥ ತೆಳು ಕೋಂಬ್ ಜೆಲ್ಲಿಗಳು ಇಡಿಯಾಗಿ ಬರಲೇ ಇಲ್ಲ, ಬರೀ ಲೋಳೆ. ದುಂಡಗಿನ ಪ್ಲೂರೊಬ್ರಾಕಿಯಾ ಸ್ವಲ್ಪ ಗಟ್ಟಿ, ಅದು ಉಳಿಯಿತು. ಹಾಗಾಗಿ ನಮ್ಮ ಪಟ್ಟಿಯ ತುಂಬಾ ದುಂಡಗಿನವೇ. ಆಮೇಲೆ ಕಿಟಕಿಯಿಲ್ಲದ ದೊಡ್ಡ ಬಕೆಟ್ ಕಟ್ಟಿ, ನಿಧಾನಕ್ಕೆ ಎಳೆದೆವು. ಆಗ ಬೇರೆಯವೂ ಕಾಣಿಸಿಕೊಂಡವು.

ಇನ್ನೊಂದು. ಸಿಕ್ಕಿದ್ದನ್ನೆಲ್ಲ ಕೆಡದಿರಲಿ ಅಂತ ಫಾರ್ಮಾಲಿನ್‌ಗೆ ಹಾಕಿ ಊರಿಗೆ ಬಂದು ಎಣಿಸೋಣ ಅಂದುಕೊಳ್ಳಬೇಡಿ. ತೆಳು ಕೋಂಬ್ ಜೆಲ್ಲಿಗಳು ಅದರಲ್ಲಿ ಕರಗಿ ಚೂರಾಗಿಬಿಡುತ್ತವೆ. ದೋಣಿಯಲ್ಲೇ, ಜೀವ ಇರುವಾಗಲೇ ಎಣಿಸಿ. ಕಪ್ಪು ಟ್ರೇ ಇರಲಿ, ಬಿಳಿಯದರಲ್ಲಿ ಅವು ಕಾಣುವುದೇ ಇಲ್ಲ.

ಯಾದಗಿರಿಯ ಮೇಷ್ಟ್ರು:
ಸೈಫನೊಫೋರ್ ಬಗ್ಗೆ ಹುಷಾರು. ಜೆಲ್ಲಿಫಿಶ್ ಬಳಗದ ಅದು ಹಲವು ಭಾಗ ಪೋಣಿಸಿದ ಒಂದು ಸರದ ಹಾಗೆ, ಬಲೆಯಲ್ಲಿ ಬಿಡಿಬಿಡಿಯಾಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಒಂದೇ ಸರದ ಈಜುಗಂಟೆಗಳನ್ನೆಲ್ಲ (ಈಜಲು ಇರುವ ಗಂಟೆಯಾಕಾರದ ಭಾಗಗಳು) ಬೇರೆ ಬೇರೆ ಪ್ರಾಣಿ ಅಂತ ಎಣಿಸಿದ್ದ. ಗೊದಮೊಟ್ಟೆಯಂತೆ ಕಾಣುವ ಓಯ್ಕೊಪ್ಲೂರಾದಂಥ ಸಣ್ಣ ಜೀವಿಗಳು 500ರ ಕಣ್ಣಿನಲ್ಲಿ ಜಾರಿಹೋಗುತ್ತವೆ, 200ರಲ್ಲೂ ಎಷ್ಟೋ ಉಳಿಯುವುದಿಲ್ಲ. ಅವು ಬೇಕಾದರೆ ಬೇರೆ ಬಲೆಯೇ ಬೇಕು. ತಟ್ಟೆಯಗಲದ ಜೆಲ್ಲಿಫಿಶ್‌ಗಳನ್ನು ದೋಣಿಯ ಅಂಚಿನಲ್ಲಿ ಕೂತು ಕಣ್ಣಿನಿಂದಲೇ ಎಣಿಸುವುದು ವಾಸಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. 1 ಮೀಟರ್ ಬಲೆ ಕೊಳ್ಳುವಷ್ಟು ದುಡ್ಡಿಲ್ಲ ಅಕ್ಕಾ. ಹೊಲಿಸಬಹುದಾ?

ಕಲಬುರಗಿಯ ಅಕ್ಕ:
ಹೊಲಿಸು. ನೈಲಾನ್ ಜಾಲರಿ ಬಟ್ಟೆ ತರಿಸಿಕೋ, ಬಾಯಿಯ ಬಳೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸು. ಗಂಜ್ ಕಡೆ ತೊಗರಿ ಚೀಲ ಮುಚ್ಚುವ ತಾಡಪತ್ರಿ ಹೊಲಿಯುವವರು ಇದ್ದಾರಲ್ಲ, ನನಗೆ ಹೊಲಿದುಕೊಟ್ಟಿದ್ದು ಅವರೇ. ಗಿಡ್ಡ ಮಾಡಿಸಬೇಡ. ಕಣ್ಣುಗಳ ತೆರೆದ ಜಾಗವೆಲ್ಲ ಸೇರಿ ಬಾಯಿಯ ಐದು ಪಟ್ಟಾದರೂ ಇರಬೇಕು, ಇಲ್ಲದಿದ್ದರೆ ಇದೂ ಬೇಗ ಕಟ್ಟಿಕೊಳ್ಳುತ್ತದೆ. ಹೊಲಿಗೆಯ ಅಂಚು ಹೊರಗಡೆ ಬರಲಿ. ಒಳಗೆ ಬಂದರೆ ಅದಕ್ಕೇ ಅರ್ಧ ಜೆಲ್ಲಿ ಅಂಟಿಕೊಳ್ಳುತ್ತದೆ.