ಹಳೇ ಬೈಕಿನ ಟ್ಯಾಂಕ್ ಒಳಗೆ ತುಕ್ಕು: ತೊಳೆದರೆ ಸಾಕಾ, ಕೋಟಿಂಗ್ ಬೇಕಾ?

ಹಳೇಚಕ್ರ:
ಅಪ್ಪ ಓಡಿಸುತ್ತಿದ್ದ ಬೈಕು ಆರು ವರ್ಷ ನಿಂತಲ್ಲೇ ನಿಂತಿತ್ತು. ಈಗ ನಾನೇ ರಸ್ತೆಗಿಳಿಸಬೇಕು ಅಂತ ಹೊರಟಿದ್ದೇನೆ. ಸ್ಟಾರ್ಟ್ ಆಯ್ತು, ಐದು ನಿಮಿಷ ಓಡಿ ನಿಂತುಬಿಟ್ಟಿತು. ಕಾರ್ಬುರೇಟರ್ ಬಿಚ್ಚಿದರೆ ಬೌಲ್ ತಳದಲ್ಲಿ ಕೆಂಪು ಕೆಸರು, ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದ್ರೆ ಮೇನ್ ಜೆಟ್, ಪೂರ್ತಿ ಕಟ್ಟಿಕೊಂಡಿದೆ. ತೊಳೆದು ಹಾಕಿದೆ, ಮಾರನೇ ದಿನ ಮತ್ತೆ ಅದೇ ಕಥೆ. ಟಾರ್ಚ್ ಬಿಟ್ಟು ನೋಡಿದಾಗ ಟ್ಯಾಂಕ್ ಒಳಗೆ ಮೇಲ್ಭಾಗವೆಲ್ಲ ಇಟ್ಟಿಗೆ ಬಣ್ಣ, ಬೆರಳು ತಾಗಿದರೆ ಹಕ್ಕಳೆ ಉದುರುತ್ತೆ.

ಒಬ್ಬ ಮೆಕ್ಯಾನಿಕ್ ನೇರ ಕೋಟಿಂಗ್ ಸುರಿಯೋಣ ಅಂತಾರೆ. ಇನ್ನೊಬ್ಬರು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕು ಅಂತಾರೆ. ಹೊರಗಿನ ಪೇಂಟ್ ಮಾತ್ರ ಹಾಳಾಗಬಾರದು. ಮುಚ್ಚಳದ ಪಕ್ಕ ಅಪ್ಪನ ಬೀಗದ ಗೊಂಚಲು ಉಜ್ಜಿ ಉಜ್ಜಿ ಆದ ಗೀರುಗಳಿವೆ. ಅವು ಹಾಗೇ ಇರಬೇಕು.

ಸ್ಪ್ಯಾನರ್‌ಪೆಟ್ಟಿಗೆ:
ಎರಡೂ ಬೇಡ. ಆ ಆಸಿಡ್ ತುಕ್ಕಿನ ಜೊತೆ ಒಳ್ಳೇ ತಗಡನ್ನೂ ತಿನ್ನುತ್ತೆ. ಸಿಟ್ರಿಕ್ ಆಸಿಡ್ ಪುಡಿ, ಅಂದ್ರೆ ನಿಂಬೆ ಉಪ್ಪು, ಸಾಕು. ಲೀಟರ್ ನೀರಿಗೆ 50ರಿಂದ 100 ಗ್ರಾಂ.

ಮೊದಲು ಬಯಲಲ್ಲಿ ಪೆಟ್ರೋಲ್ ಇಳಿಸಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಅಪಾಯ, ಒಂದು ಕಿಡಿ ಸಾಕು. ಕಾಕ್ (ಟ್ಯಾಂಕ್ ತಳದ ಪೆಟ್ರೋಲ್ ನಲ್ಲಿ), ಗೇಜಿನ ಫ್ಲೋಟ್ ಎಲ್ಲ ಬಿಚ್ಚಿ, ತೂತುಗಳಿಗೆ ರಬ್ಬರ್ ಬಿರಡೆ ಹಾಕಿ. ಸೋಪಿನ ನೀರಲ್ಲಿ ಎರಡು ಮೂರು ಸಲ ತೊಳೆಯಿರಿ. ಜಿಡ್ಡಿದ್ದರೆ ಆಸಿಡ್ ತುಕ್ಕಿಗೆ ತಾಗುವುದೇ ಇಲ್ಲ. ಹಕ್ಕಳೆ ಬಿಡಿಸೋಕೆ ಒಂದು ಹಿಡಿ ನಟ್ ಹಾಕಿ ಅಲ್ಲಾಡಿಸಿ. ಹಾಕುವಾಗ ಎಣಿಸಿ, ತೆಗೆಯುವಾಗಲೂ ಎಣಿಸಿ.

ನಿಮ್ಮದು ಮೇಲ್ಭಾಗದ ತುಕ್ಕು, ಹಾಗಾಗಿ ಬಾಯಿಮಟ್ಟ ತುಂಬಿಸಲೇಬೇಕು. ಬಾಯಿಯ ಸುತ್ತ ಪೇಂಟ್ ಮೇಲೆ ದಪ್ಪಗೆ ಗ್ರೀಸ್ ಸವರಿ, ಚೆಲ್ಲಿದ್ದನ್ನು ಆಗಿಂದಾಗ ತೊಳೆಯಿರಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಹೈಡ್ರೋಜನ್ ಹುಟ್ಟುತ್ತೆ. ಒಂದು ರಾತ್ರಿ ಬಿಟ್ಟು ನೋಡಿ, ಬೂದು ಬಣ್ಣದ ತಗಡು ಕಂಡರೆ ಸಾಕು.

ಎಲ್ಲರೂ ಎಡವುವುದು ಇದಾದ ಮೇಲೆ. ನೀರಲ್ಲಿ ತೊಳೆದು, ಅಡುಗೆ ಸೋಡಾ ನೀರು ಹಾಕಿ ಆಸಿಡ್ ಕೊಲ್ಲಿ, ಮತ್ತೆ ತೊಳೆಯಿರಿ. ಕೂಡಲೇ ಒಣಗಿಸಿ. ಬರಿ ತಗಡು ಒದ್ದೆ ಇದ್ದರೆ ನಿಮಿಷಗಳಲ್ಲಿ ಕಿತ್ತಳೆ ಬಣ್ಣ ಏರುತ್ತೆ. ಪೆಟ್ರೋಲ್ ವಾಸನೆ ಚೂರೂ ಇಲ್ಲ ಅನ್ನೋದು ಖಾತ್ರಿಯಾದರೆ ಮಾತ್ರ ಹೇರ್ ಡ್ರೈಯರ್ ಹಿಡಿಯಿರಿ. ಆಮೇಲೆ ಸ್ವಲ್ಪ ಎಂಜಿನ್ ಆಯಿಲ್ ಹಾಕಿ ಒಳಗೆಲ್ಲ ಹೊರಳಿಸಿ.

ಕಿಕ್‌ಸ್ಟಾರ್ಟ್:
ಕೋಟಿಂಗ್ ಬಗ್ಗೆ ನನ್ನ ಅನುಭವ ಹೇಳ್ತೀನಿ. ನನ್ನ ಸ್ಕೂಟರ್‌ಗೆ ತುಕ್ಕಿನ ಮೇಲೇ ಎಪಾಕ್ಸಿ, ಅಂದ್ರೆ ಒಣಗಿ ಗಟ್ಟಿಯಾಗುವ ಅಂಟು, ಸುರಿದುಕೊಟ್ಟರು. ಎರಡನೇ ವರ್ಷ ಅದು ಹಾಲಿನ ಕೆನೆ ಥರ ಪದರವಾಗಿ ಎದ್ದು ಕಾಕ್‌ಗೆ ಅಡ್ಡ ಕೂತಿತು. ಕಿತ್ತು ತೆಗೆಯೋಕೆ ತುಕ್ಕಿಗಿಂತ ಜಾಸ್ತಿ ಕಷ್ಟ ಆಯ್ತು. ತಗಡು ಗಟ್ಟಿ ಇದ್ರೆ ಕೋಟಿಂಗ್ ಗೋಜಿಗೇ ಹೋಗಬೇಡಿ.

ಹಳೇಚಕ್ರ:
ಹೇಳಿದ ಹಾಗೇ ಮಾಡಿದೆ. 20 ನಟ್ ಹಾಕಿದ್ದೆ, 19 ಬಂದವು. ಇಪ್ಪತ್ತನೆಯದಕ್ಕೆ ಅರ್ಧ ಗಂಟೆ ಟ್ಯಾಂಕ್ ತಿರುಗಿಸಿದೆ. ಮೊದಲು ಸುರಿದ ನೀರು ಕಾಫಿ ಡಿಕಾಕ್ಷನ್ ಥರ ಇತ್ತು. ಈಗ ಒಳಗೆಲ್ಲ ಬೂದು ಬಣ್ಣ. ಗೀರುಗಳೂ ಹಾಗೇ ಇವೆ.

ಆದರೆ ಕಾಕ್ ಪಕ್ಕ, ತಳದ ಜೋಡಣೆಯಲ್ಲಿ ಸಣ್ಣ ತೇವ ಕಾಣುತ್ತಿದೆ. ಒರೆಸಿದರೆ ಮತ್ತೆ ಬರುತ್ತೆ. ಸೂಜಿ ಮೊನೆಯಷ್ಟು ತೂತು. ನಾನೇ ಮಾಡಿದ್ನಾ?

ಸ್ಪ್ಯಾನರ್‌ಪೆಟ್ಟಿಗೆ:
ಇಲ್ಲ, ತೂತು ಮೊದಲೇ ಇತ್ತು, ತುಕ್ಕೇ ಅದನ್ನು ಮುಚ್ಚಿಕೊಂಡಿತ್ತು. ಪೆಟ್ರೋಲಿಗಿಂತ ನೀರು ಭಾರ, ಸೇರಿದ ತೇವವೆಲ್ಲ ಆ ಮೂಲೆಗೇ ಇಳಿದು ಕೂರುತ್ತೆ.

ಸುತ್ತಲಿನ ತಗಡನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಹೊಳೆಯುವ ತನಕ ಉಜ್ಜಿ, ಪೆಟ್ರೋಲ್ ತಡೆಯುವ ಎಪಾಕ್ಸಿ ಹಚ್ಚಿ ಪೂರ್ತಿ ಗಟ್ಟಿಯಾಗೋಕೆ ಬಿಡಿ. ಮೆತ್ತಗೆ ಒಳಗೆ ಹೋದರೆ ಬೆಸುಗೆಯೇ ಆಗಬೇಕು. ಅದನ್ನು ಪೆಟ್ರೋಲ್ ಟ್ಯಾಂಕ್ ಬೆಸುಗೆ ಮಾಡಿ ರೂಢಿ ಇರುವವರಿಗೇ ಕೊಡಿ, ಮನೆಯಲ್ಲಿ ಬೇಡ. ಇನ್ನು ಮೇಲೆ ಬೈಕು ನಿಲ್ಲಿಸಿಡುವಾಗ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವವೇ ಮೇಲ್ಭಾಗದಲ್ಲಿ ಹನಿಗಟ್ಟೋದು.

ಹಳೇಚಕ್ರ:
ಒತ್ತಿದೆ, ಗಟ್ಟಿ ಇದೆ. ಇವತ್ತು ಸಂಜೆ ಎಪಾಕ್ಸಿ ಹಚ್ಚಿದೆ. ನಾಳೆಯಿಡೀ ಮುಟ್ಟಲ್ಲ.