ಪದಚರ್ಚೆ: ‘ಜೋರು ಪಂಪ್’ ಅಂದರೆ ಹರಿವೋ, ಒತ್ತಡವೋ?

ಪ್ರಶ್ನೆ (ಕಾರವಾರ): ರೇಸಿಗೆ ಸಜ್ಜು ಮಾಡುವ ಪೆಟ್ರೋಲ್ ಎಂಜಿನ್ನಿಗೆ ಬಾಳಿಕೆ ಬರುವ ಆಯಿಲ್ ಪಂಪ್ ಆರಿಸುವ ಬಗ್ಗೆ ಗ್ಯಾರೇಜ್ ಕೆಲಸಗಾರರಿಗೆ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಪಂಪಿನ ಡಬ್ಬಿಗಳ ಮೇಲೆ ‘ಹೈ ವಾಲ್ಯೂಮ್’, ‘ಹೈ ಪ್ರೆಶರ್’ ಎಂದು ಎರಡು ಬಗೆ ಕಾಣುತ್ತವೆ. ಮಾತಿನಲ್ಲಿ ಎರಡೂ ‘ಜೋರು ಪಂಪ್’ ಆಗಿಬಿಡುತ್ತವೆ. ಬೇರೆ ಬೇರೆ ಪದ ಬೇಕೆ? ‘ಬಿಲೆಟ್ ರೋಟರ್’ಗೆ (ರೋಟರ್ ಎಂದರೆ ಪಂಪಿನೊಳಗೆ ತಿರುಗಿ ಎಣ್ಣೆ ತಳ್ಳುವ ಭಾಗ) ‘ಗಟ್ಟಿ ರೋಟರ್’ ಸಾಕೆ? ಎಂಜಿನ್ ಚಾಲೂ ಮಾಡುವ ಮೊದಲೇ ಪಂಪಿನೊಳಗೆ ಎಣ್ಣೆ ಇರುವಂತೆ ಮಾಡುವ ‘ಪ್ರೈಮ್ ಮಾಡು’ವುದಕ್ಕೆ ಏನನ್ನಬಹುದು?

ಉತ್ತರ (ಶಿರಸಿ): ಬೇರೆ ಪದ ಬೇಕೇ ಬೇಕು, ಇಲ್ಲವಾದರೆ ಎಂಜಿನ್ನಿಗೆ ತಪ್ಪು ಪಂಪ್ ಕೂರುತ್ತದೆ. ಪಂಪ್ ಕೊಡುವುದು ಹರಿವನ್ನು ಮಾತ್ರ. ಬೇರಿಂಗಿನ ಸಂದುಗಳು ಆ ಹರಿವನ್ನು ತಡೆದಾಗ ಒತ್ತಡ ಹುಟ್ಟುತ್ತದೆ. ಅದು ಎಲ್ಲಿಯವರೆಗೆ ಏರಬಹುದೆಂದು ನಿರ್ಧರಿಸುವುದು ರಿಲೀಫ್ ವಾಲ್ವಿನ (ಒತ್ತಡ ಮಿತಿ ಮುಟ್ಟಿದಾಗ ತೆರೆದು ಹೆಚ್ಚಿನ ಎಣ್ಣೆ ಬಿಡುವ ವಾಲ್ವ್) ಸ್ಪ್ರಿಂಗ್. ಹಾಗಾಗಿ ಮೊದಲನೆಯದು ‘ಹೆಚ್ಚು ಹರಿವಿನ ಪಂಪ್’ (ಇದರ ರೋಟರ್ ದಪ್ಪ), ಎರಡನೆಯದು ‘ಬಿಗಿ ಸ್ಪ್ರಿಂಗಿನ ಪಂಪ್’ ಆಗಲಿ. ‘ಒತ್ತಡದ ಪಂಪ್’ ಖಂಡಿತ ಬೇಡ.

ನಮ್ಮ ಕಡೆ ಅಡಿಕೆ ತೋಟದ ಪಂಪ್ ಬಳಸಿದವರಿಗೆ ಇಲ್ಲೇ ಗೊಂದಲ. ಅದು ಸೆಂಟ್ರಿಫ್ಯೂಗಲ್. ವಾಲ್ವ್ ಮುಚ್ಚಿದರೆ ನೀರು ಒಳಗೇ ಸುತ್ತುತ್ತದೆ. ಆಯಿಲ್ ಪಂಪ್ ಹಾಗಲ್ಲ, ಸುತ್ತಿಗೆ ಇಷ್ಟೆಂದು ಎಣ್ಣೆ ತಳ್ಳಿಯೇ ತೀರುತ್ತದೆ. ರಿಲೀಫ್ ವಾಲ್ವ್ ತೆರೆಯದೆ ಸಿಕ್ಕಿಕೊಂಡರೆ ಫಿಲ್ಟರ್ ಒಡೆದೀತು.

ಪದ ತಪ್ಪಿದರೆ ಕೆಲಸವೂ ತಪ್ಪುತ್ತದೆ. ಬೇರಿಂಗ್ ಸವೆದು ಐಡಲಿನಲ್ಲಿ ಒತ್ತಡ ಬೀಳುತ್ತಿದ್ದರೆ ಸ್ಪ್ರಿಂಗ್ ಬಿಗಿ ಮಾಡಿ ಉಪಯೋಗವಿಲ್ಲ, ಏಕೆಂದರೆ ಆಗ ವಾಲ್ವ್ ತೆರೆದೇ ಇರುವುದಿಲ್ಲ. 1000 ಆರ್‌ಪಿಎಮ್ಮಿಗೆ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಎಂಬುದು ರೂಢಿಯ ಲೆಕ್ಕ. 7000ಕ್ಕೆ 70, ಅಂದರೆ ಗ್ಯಾರೇಜಿನ ಮಾತಿನಲ್ಲಿ ಸುಮಾರು 5 ಕೆಜಿ. ಕೈಪಿಡಿಯಲ್ಲಿ ಒಮ್ಮೆಯಾದರೂ ‘ಚದರ ಸೆಂಟಿಮೀಟರಿಗೆ ಕೆಜಿ’ ಎಂದು ಪೂರ್ತಿ ಬರೆಯಿರಿ. ಅಗತ್ಯ ಮೀರಿದ ಹರಿವು ಎಂಜಿನ್ನಿನ ಶಕ್ತಿ ತಿಂದು ಎಣ್ಣೆಯನ್ನು ಕಾಯಿಸುತ್ತದೆ.

‘ಗಟ್ಟಿ’ ಎಂಬ ಪದಕ್ಕೆ ನನ್ನ ಆಕ್ಷೇಪವಿದೆ. ಲೋಹದ ಪುಡಿ ಒತ್ತಿ ಕಾಯಿಸಿ ಮಾಡಿದ ಸಾಮಾನ್ಯ ರೋಟರೂ ಗಟ್ಟಿಯೇ. ಆದರೆ ಅದು ಪೆಡಸು. ಕ್ರ್ಯಾಂಕಿನ ಮೂತಿಗೇ ಕೂರುವ ಪಂಪಿನಲ್ಲಿ, ಎಂಜಿನ್ ಲಿಮಿಟರಿಗೆ (ಆರ್‌ಪಿಎಮ್ ಮಿತಿ ಮೀರದಂತೆ ತಡೆಯುವ ವ್ಯವಸ್ಥೆ) ಬಡಿಯುವಾಗ ಕ್ರ್ಯಾಂಕಿನ ತಿರುಚು ಕಂಪನ ನೇರ ರೋಟರಿಗೆ ತಾಗಿ ಅದು ಚೂರಾಗಬಹುದು. ಕಂಪನ ತಗ್ಗಿಸುವ ರಬ್ಬರಿನ ಡ್ಯಾಂಪರ್ ಪುಲ್ಲಿ ತೆಗೆದು ಹಗುರ ಅಲ್ಯೂಮಿನಿಯಂ ಪುಲ್ಲಿ ಹಾಕಿದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬಿಲೆಟ್ ಎಂದರೆ ಇಡೀ ಉಕ್ಕಿನ ತುಂಡಿನಿಂದ ಕಡೆದದ್ದು. ಅದರ ಗುಣ ತಾಳಿಕೆ. ‘ಕಡೆದುಕ್ಕಿನ ರೋಟರ್’ ಎನ್ನಿ. ಅದನ್ನು ಹಾಕಿದ ಮಾತ್ರಕ್ಕೆ ಡ್ಯಾಂಪರ್ ಬೇಡವೆಂದಲ್ಲ, ಇದನ್ನೂ ಸೇರಿಸಿ.

‘ಕ್ಲಿಯರೆನ್ಸ್’ಗೆ ‘ಸಂದು’ ಸಾಕು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಹಿಡಿದವರಿಗೆಲ್ಲ ತಿಳಿಯುತ್ತದೆ. ‘ಪ್ರೈಮ್ ಮಾಡು’ವುದಕ್ಕೆ ‘ಎಣ್ಣೆ ತುಂಬಿಸು’ ಬೇಡ, ಚೇಂಬರಿಗೆ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ) ಎಣ್ಣೆ ಹೊಯ್ಯುವುದೆಂದು ತಿಳಿದಾರು. ‘ಪಂಪಿಗೆ ಎಣ್ಣೆ ಹಿಡಿಸು’ ಒಳ್ಳೆಯದು. ಕ್ರಮವನ್ನೂ ಅಲ್ಲೇ ಕೊಡಿ: ಜೋಡಿಸುವಾಗ ರೋಟರಿನ ಸಂದುಗಳಿಗೆ ಎಣ್ಣೆ ಹಾಕಿ ಕೈಯಲ್ಲಿ ತಿರುಗಿಸಬೇಕು. ಎಂಜಿನ್ ಕೂರಿಸಿದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ನೂ ಪೆಟ್ರೋಲೂ ಬರದಂತೆ ಮಾಡಿ, ಗೇಜಿನ ಮುಳ್ಳು ಏಳುವವರೆಗೆ ನಡುನಡುವೆ ಬಿಡುವು ಕೊಟ್ಟು ಸ್ಟಾರ್ಟರ್ ತಿರುಗಿಸಬೇಕು.