ಒಂಬತ್ತು ದಿನ ನಿಂತಿದ್ದ ಹೈಬ್ರಿಡ್ ಎಸ್‌ಯುವಿ ರೆಡಿ ಆಗ್ತಿಲ್ಲ, ದೊಡ್ಡ ಬ್ಯಾಟರಿನೇ ಹೋಗಿದೆ ಅಂತಾರೆ, ನಿಜಾನಾ?

ಹೊಸಕೀಲಿ:
ನಮಸ್ಕಾರ ಎಲ್ರಿಗೂ. ಮೂರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಎಸ್‌ಯುವಿ ತಗೊಂಡೆ, ಎಂಟು ವರ್ಷದ ಗಾಡಿ, 1,10,000 ಕಿಮೀ ಓಡಿದೆ, ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಒಂಬತ್ತು ದಿನ ಮುಟ್ಟಿರ್ಲಿಲ್ಲ, ಇವತ್ತು ಬೆಳಿಗ್ಗೆ ಬ್ರೇಕ್ ತುಳಿದು ಬಟನ್ ಒತ್ತಿದ್ರೆ ಡ್ಯಾಶ್‌ಬೋರ್ಡಲ್ಲಿ ಇರೋಬರೋ ಲೈಟೆಲ್ಲಾ ಹತ್ಕೊಂಡು ಒಳಗಡೆ ಟಿಕ್ ಟಿಕ್ ಅಂತ ರಿಲೇ ಸದ್ದು, ಗಾಡಿ ಹೊರಡೋಕೆ ತಯಾರು ಅಂತ ತೋರಿಸೋ ರೆಡಿ ಲೈಟ್ ಮಾತ್ರ ಬರಲ್ಲ. ಪಕ್ಕದವರ ಗಾಡಿಯಿಂದ ಜಂಪ್ ಕೊಟ್ಮೇಲೆ ಎದ್ದಿತು. ಗ್ಯಾರೇಜಿಗೆ ತಗೊಂಡ್ಹೋದ್ರೆ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ "ಹೈಬ್ರಿಡ್ ಬ್ಯಾಟರಿ ಹೋಗಿದೆ, ಪೂರ್ತಿ ಪ್ಯಾಕ್ ಹಾಕಿಸ್ಬೇಕು" ಅಂದ್ಬಿಟ್ಟ. ಇನ್ನೊಂದು ವಿಷ್ಯ, ಬಿಸಿಲಲ್ಲಿ ಏರು ಹತ್ತುವಾಗ ಹಿಂದಿನ ಸೀಟ್ ಕಡೆಯಿಂದ ಹೇರ್ ಡ್ರೈಯರ್ ಥರ ಸದ್ದು ಬರುತ್ತೆ, ಮೈಲೇಜೂ ಇಳಿದಿದೆ.

ಸ್ಪ್ಯಾನರ್ ಮಾಮ:
ಜೇಬಿಗೆ ಕೈ ಹಾಕ್ಬೇಡಿ, ತಡೀರಿ. ಪ್ಯಾಕ್ ಸತ್ತಿದ್ರೆ ಜಂಪ್ ಕೊಟ್ಟ ತಕ್ಷಣ ಗಾಡಿ ಯಾಕೆ ಏಳ್ತಿತ್ತು? ಜಂಪ್ ಕೇಬಲ್ ಹಾಕೋದು 12 ವೋಲ್ಟಿನ ಸಣ್ಣ ಬ್ಯಾಟರಿಗೆ. ಇಂಥ ಗಾಡೀಲಿ ಇಂಜಿನ್ ತಿರುಗಿಸೋದು ದೊಡ್ಡ ಬ್ಯಾಟರಿನೇ, ಆದ್ರೆ ಅದನ್ನ ಸಿಸ್ಟಮ್ಮಿಗೆ ಜೋಡಿಸೋ ರಿಲೇಗಳು, ಕಂಪ್ಯೂಟರ್‌ಗಳು ಎಲ್ಲಾ ನಡೆಯೋದು ಸಣ್ಣದ್ರಿಂದ, ಅದು ಸುಸ್ತಾದ್ರೆ ದೊಡ್ಡದು ಫುಲ್ ಇದ್ರೂ ಏನೂ ಮಾಡೋಕಾಗಲ್ಲ. ರಾತ್ರಿ ಪೂರ್ತಿ ನಿಂತಮೇಲೆ ಆ ಸಣ್ಣದಕ್ಕೆ ಮಲ್ಟಿಮೀಟರ್ ಹಿಡೀರಿ. 12.6 ಹತ್ರ ಬಂದ್ರೆ ಫುಲ್, 12.2 ಅಂದ್ರೆ ಅರ್ಧ, 11.8ಕ್ಕಿಂತ ಕೆಳಗೆ ಇದ್ರೆ ಖಾಲಿ. ಆಮೇಲೆ ರೆಡಿ ಮಾಡಿ ನೋಡಿ, 14ರ ಆಸುಪಾಸು ಬಂದ್ರೆ ಡಿಸಿ-ಡಿಸಿ ಕನ್ವರ್ಟರ್ ಚೆನ್ನಾಗಿದೆ. ಇದ್ರಲ್ಲಿ ಆಲ್ಟರ್ನೇಟರ್ ಇರಲ್ಲ, ದೊಡ್ಡ ಬ್ಯಾಟರಿಯ ವೋಲ್ಟೇಜ್ ಇಳಿಸಿ ಸಣ್ಣದನ್ನ ಚಾರ್ಜ್ ಮಾಡೋದು ಆ ಕನ್ವರ್ಟರೇ.

ಓಬಿಡಿ ಹುಚ್ಚ:
ಮಾಮ ಹೇಳಿದ್ದು ಸ್ಟಾರ್ಟಿಂಗ್ ಪ್ರಾಬ್ಲಮ್ಮಿಗೆ ಸರಿ, ಆ ಸದ್ದು ಬೇರೆ ಕಥೆ. ಅದು ದೊಡ್ಡ ಬ್ಯಾಟರಿ ತಂಪು ಮಾಡೋ ಫ್ಯಾನು, ಗಾಡಿ ಒಳಗಿನ ಗಾಳಿನೇ ಎಳ್ಕೊಳ್ಳುತ್ತೆ, ಹಿಂದಿನ ಸೀಟ್ ಪಕ್ಕದಲ್ಲೋ ಕೆಳಗೋ ಜಾಲರಿ ಇರುತ್ತೆ ನೋಡಿ. ಅಲ್ಲಿ ಧೂಳು ಕಟ್ಟಿದ್ರೆ ಪ್ಯಾಕ್ ಕಾಯುತ್ತೆ, ಕಾದ್ರೆ ಕಂಪ್ಯೂಟರ್ ಕರೆಂಟ್ ಕಮ್ಮಿ ಮಾಡುತ್ತೆ, ಕೆಲಸ ಎಲ್ಲಾ ಇಂಜಿನ್ ತಲೆಮೇಲೆ ಬೀಳುತ್ತೆ. ಫಿಲ್ಟರ್ ಮಟ್ಟಿಗೆ ನೀವೇ ಕ್ಲೀನ್ ಮಾಡಬಹುದು. ಆರೆಂಜ್ ಕೇಬಲ್ ಕಂಡ ಕಡೆ ಮಾತ್ರ ಕೈ ಹಾಕ್ಬೇಡಿ, ಅಲ್ಲಿ 200 ವೋಲ್ಟಿಗೂ ಮೇಲಿರುತ್ತೆ. ದೊಡ್ಡ ಬ್ಯಾಟರಿ ಸಂಪರ್ಕ ಕಡಿಯೋ ಸರ್ವಿಸ್ ಪ್ಲಗ್ ಎಳೆದ್ಮೇಲೂ ಕೆಪಾಸಿಟರ್ ಇಳಿಯೋಕೆ 10 ನಿಮಿಷ ಕಾಯ್ಬೇಕು, ಅದು ತಿಳಿದವರ ಕೆಲಸ.

ಹೊಸಕೀಲಿ:
ಬೆಳಿಗ್ಗೆ 11.4 ಬಂತು, ಸಣ್ಣ ಬ್ಯಾಟರಿಗೆ ಚಾರ್ಜರ್ ಹಾಕಿ ಎಬ್ಬಿಸಿ ರೆಡಿ ಮಾಡಿದ್ರೆ 14.1. ಆಮೇಲೆ ಜಾಲರಿ ಕ್ಲಿಪ್ ಕಿತ್ತೆ. ಫಿಲ್ಟರ್ ಮೇಲೆ ಬೂದು ಪದರ, ಉಗುರಲ್ಲಿ ಅಂಚು ಹಿಡಿದು ಎತ್ತಿದ್ರೆ ಕಂಬಳಿ ತುಂಡಿನ ಥರ ಒಂದೇ ಪೀಸಾಗಿ ಎದ್ದು ಬಂತು, ಅದ್ರಲ್ಲಿ ಚಾಕ್ಲೇಟ್ ಕವರು, ಉಳಿದಿದ್ದೆಲ್ಲಾ ನಾಯಿ ಕೂದಲು. ನಮ್ಮನೇಲಿ ನಾಯಿನೇ ಇಲ್ಲ! ಹಿಂದಿನ ಓನರ್ ಕೃಪೆ. ಆದ್ರೆ ನಂದೂ ತಪ್ಪಿದೆ, ಮಗಳ ಸ್ಕೂಲ್ ಬ್ಯಾಗ್ ದಿನಾ ಅದೇ ಜಾಲರಿಗೆ ಒರಗಿಸ್ತಿದ್ವಿ.

ಸ್ಪ್ಯಾನರ್ ಮಾಮ:
11.4 ಆದ್ರೆ ಆ ಸಣ್ಣದಕ್ಕೆ ವಿದಾಯ ಹೇಳಿ. ಹೊಸದು ತರೋವಾಗ ಹಳೇದು ಯಾವ ಟೈಪೋ ಅದೇ ತನ್ನಿ, ಡಿಕ್ಕೀಲಿ ಇರೋದು ಸಾಮಾನ್ಯವಾಗಿ ಎಜಿಎಂ (ಆಸಿಡ್ ಚೆಲ್ಲದ ಸೀಲ್ಡ್ ಬ್ಯಾಟರಿ), ಗಾಳಿ ಹೊರಗೆ ಹೋಗೋ ಸಣ್ಣ ಪೈಪ್ ಇರುತ್ತೆ, ಅದನ್ನ ವಾಪಸ್ ಸಿಗಿಸೋದು ಮರೀಬೇಡಿ. ಡ್ಯಾಶ್‌ಕ್ಯಾಮ್ ಇದ್ರೆ ಅದು ಗಾಡಿ ನಿಂತಾಗ್ಲೂ ಕುಡೀತಿದ್ಯಾ ನೋಡಿ. ಊರಿಗೆ ಹೋಗಿ ಗಾಡಿ ನಿಲ್ಲಿಸೋದಿದ್ರೆ ಮನೇಲಿರೋರಿಗೆ ವಾರಕ್ಕೊಮ್ಮೆ ಅರ್ಧ ಗಂಟೆ ರೆಡೀಲಿ ಇಡೋಕೆ ಹೇಳಿ, ಬರೀ ಆನ್ ಮಾಡಿ ಹಾಡು ಕೇಳಿದ್ರೆ ಚಾರ್ಜ್ ಆಗಲ್ಲ, ಇನ್ನೂ ಖಾಲಿ ಆಗುತ್ತೆ.

ಓಬಿಡಿ ಹುಚ್ಚ:
ಫಿಲ್ಟರ್ ತೊಳೆದ ಮಾತ್ರಕ್ಕೆ ಪ್ಯಾಕ್ ಚೆನ್ನಾಗಿದೆ ಅಂತಲ್ಲ ಮತ್ತೆ. ಗಾಡಿ ಕಂಪ್ಯೂಟರ್ ಓದಿ ಫೋನಿಗೆ ತೋರಿಸೋ ಬ್ಲೂಟೂತ್ ಓಬಿಡಿ ಡಾಂಗಲ್ ಹಾಕಿ ಪಿ0ಎ80 (ಹೈಬ್ರಿಡ್ ಪ್ಯಾಕ್ ಬದಲಿಸಿ ಅನ್ನೋ ಕೋಡ್) ಇದ್ಯಾ ನೋಡಿ, ಏರಲ್ಲಿ ಜೋರಾಗಿ ತುಳಿದಾಗ ಬ್ಲಾಕ್‌ಗಳ (ಪ್ಯಾಕ್ ಒಳಗಿನ ಸೆಲ್ ಗುಂಪುಗಳ) ವೋಲ್ಟೇಜ್ ಒಟ್ಟಿಗೆ ಇಳಿಯುತ್ತಾ ನೋಡಿ. ಒಂದೇ ಬ್ಲಾಕ್ ಉಳಿದವಕ್ಕಿಂತ ಒಂದು ವೋಲ್ಟ್ ಜಾಸ್ತಿ ಕುಸಿದ್ರೆ ಯೋಚ್ನೆ ಮಾಡ್ಬೇಕು. ಓಡಿಸ್ತಾ ನೀವೇ ನೋಡ್ಬೇಡಿ, ಪಕ್ಕದವರ ಕೈಗೆ ಫೋನ್ ಕೊಡಿ.

ಹೊಸಕೀಲಿ:
ಹತ್ತು ದಿನದ ಮೇಲೆ ಬಂದೆ. ಸಣ್ಣ ಬ್ಯಾಟರಿ ಹೊಸದು, ಒಂದ್ಸಲಾನೂ ಕೈ ಕೊಟ್ಟಿಲ್ಲ. ಕೋಡ್ ಇಲ್ಲ, ಬ್ಲಾಕ್‌ಗಳ ವ್ಯತ್ಯಾಸ 0.3 ದಾಟ್ಲಿಲ್ಲ, ಫ್ಯಾನ್ ಸದ್ದು ಈಗ ಕಿವಿಗೊಟ್ರೆ ಮಾತ್ರ ಕೇಳುತ್ತೆ. ಆದ್ರೆ ಮೈಲೇಜ್ ಪೂರ್ತಿ ವಾಪಸ್ ಬಂದಿಲ್ಲ, ಓಡಿಸಿ ನಿಲ್ಲಿಸಿದಾಗ ಹಿಂದಿನ ಎಡಗಡೆ ಚಕ್ರದ ಹತ್ರ ಕೈ ಹಿಡಿದ್ರೆ ಬಿಸಿ ಹೊಡೆಯುತ್ತೆ, ಬಲಗಡೆ ಹಾಗಿಲ್ಲ.

ಸ್ಪ್ಯಾನರ್ ಮಾಮ:
ಬ್ರೇಕ್ ಹಿಡ್ಕೊಂಡಿದೆ. ಈ ಗಾಡಿಗಳಲ್ಲಿ ಅರ್ಧಕ್ಕರ್ಧ ಬ್ರೇಕಿಂಗ್ ಮೋಟಾರೇ ಮಾಡೋದ್ರಿಂದ ಪ್ಯಾಡ್ ಬೇಗ ಸವೆಯಲ್ಲ, ಸವೆದಿಲ್ಲ ಅಂತ ಯಾರೂ ಬಿಚ್ಚಲ್ಲ, ಬಿಚ್ಚದೆ ಪ್ಯಾಡ್ ಒತ್ತೋ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಕೂತ್ಬಿಡುತ್ತೆ. ಪಿನ್ ತೆಗೆಸಿ ಕ್ಲೀನ್ ಮಾಡ್ಸಿ ಬ್ರೇಕ್ ಗ್ರೀಸ್ ಹಚ್ಚಿಸಿ, ಸಾದಾ ಗ್ರೀಸ್ ಬೇಡ.

ಹೊಸಕೀಲಿ:
ಅದೇ ಆಗಿತ್ತು ಮಾಮ. ಕೆಳಗಿನ ಪಿನ್ ಸುತ್ತಿಗೆ ಏಟಿಗೂ ಅಲ್ಲಾಡ್ಲಿಲ್ಲ, ಬಿಸಿ ಮಾಡಿ ತೆಗೆದ್ರು, ಹೊಸ ಪಿನ್ ಹಾಕಿಸ್ದೆ. ಸ್ಕೂಲ್ ಬ್ಯಾಗ್ ಈಗ ಡಿಕ್ಕೀಲಿ, ಮಗಳಿಗೆ ಕೋಪ.